ಅಕ್ಕನ ಹಾಡಿನ ಎರಡನೇ ಚರಣ

ನಮ್ಮ ರಾಕ್ ತಂಡದ ಹಾಡುಗಳನ್ನೆಲ್ಲ ಬರೆಯುವವಳು, ಹಾಡುವವಳು ನಮ್ಮಕ್ಕ. ಹಗಲು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ಸಂಜೆ ಗಿಟಾರ್. ಡ್ರಮ್ಸ್ ನನ್ನದು. ಅವಳ ‘ಎದ್ದೇಳು, ಕುರ್ಚಿ ಬಿಡು, ಬಿಸಿಲು ಬಾಗಿಲಿಗೆ ಬಂತು’ ಹಾಡು ಚುನಾವಣೆ ಹೊತ್ತಿಗೆ ಎಲ್ಲರ ಬಾಯಲ್ಲೂ ಕುಣಿಯತೊಡಗಿತು. ಕುರ್ಚಿಯಲ್ಲಿ ಕೂತವರಿಗೇ ಹೇಳಿದ್ದು ಇದು ಎಂದು ವಿರೋಧ ಪಕ್ಷದವರು ಮೆರವಣಿಗೆಯಲ್ಲಿ ಹಾಕಿಸಿದರು. ಸೋಮಾರಿಗಳನ್ನು ದುಡಿಮೆಗೆ ಕರೆಯುವ ಹಾಡು ಎಂದು ಆಳುವ ಪಕ್ಷದವರೂ ಹಾಕಿಸಿದರು. ಕೊನೆಗೆ ನೀವೇ ಅರ್ಥ ಹೇಳಿಬಿಡಿ ಎಂದು ರೇಡಿಯೋದವರು ಅಕ್ಕನನ್ನು ಕರೆದರು.

ಅರ್ಥ ನಮ್ಮ ಮನೆಯಲ್ಲೇ ಇತ್ತು. ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪ ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡುಬಿಟ್ಟಿದ್ದರು. ಊರಿನ ರೋಗಿಗಳನ್ನೆಲ್ಲ ನಡೆಸುವ ಅಕ್ಕನ ಮಾತು ಅವರ ಹತ್ತಿರ ಮಾತ್ರ ನಡೆಯುತ್ತಿರಲಿಲ್ಲ. ಆ ಸಂಕಟದಲ್ಲಿ ಬರೆದದ್ದು. ಈಗ ಅಪ್ಪ ಕೋಲೂರಿಕೊಂಡು ಓಡಾಡುತ್ತಾರೆ. ಅವರ ಕಾಯಿಲೆಯ ಕತೆಯನ್ನು ಊರಿಗೆಲ್ಲ ಹೇಳಲೋ ಬೇಡವೋ ಎಂದು ಅಕ್ಕ ಅವರನ್ನೇ ಕೇಳಿದಳು.

ಅಪ್ಪ ಹಾಡಿನ ಹಾಳೆ ತರಿಸಿಕೊಂಡು, ಕನ್ನಡಕ ಏರಿಸಿ ಸಾವಕಾಶವಾಗಿ ಓದಿದರು.

“ಮೊದಲ ಚರಣ ನಾನೇ, ಒಪ್ಪಿದೆ. ಎರಡನೇದರಲ್ಲಿ ‘ಬಾಗಿಲು ಕಾಯುವವರ ಲಾಠಿಗೂ ದಣಿವಾಯ್ತು’ ಅಂತಿದೆ. ನನ್ನ ಬಾಗಿಲು ಕಾಯೋರು ಯಾರಮ್ಮ?”

“ನಾವೇ ಅಪ್ಪ. ನಾನು, ಇವನು.”

“ನಿಮ್ಮ ಕೈಯಲ್ಲಿ ಲಾಠಿ ಯಾಕಿದೆ?”

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಹಾಡು ಬರೆದ ವಾರ ಆಸ್ಪತ್ರೆಗೆ, ಪ್ರತಿಭಟನೆಯಲ್ಲಿ ಪೊಲೀಸರ ಲಾಠಿ ಏಟು ತಿಂದ ಕಾಲೇಜು ಹುಡುಗಿಯೊಬ್ಬಳು ಬಂದಿದ್ದಳೆಂದೂ, ಅವಳ ಮೊಣಕಾಲನ್ನು ದಿನಾ ಮಡಚಿಸಿದ್ದು ತಾನೇ ಎಂದೂ ಹೇಳಿದಳು. ಅದು ಹಾಡಿನೊಳಗೆ ಯಾವಾಗ ನುಸುಳಿತೋ ತನಗೇ ತಿಳಿಯಲಿಲ್ಲವಂತೆ.

“ಎರಡನ್ನೂ ಹೇಳು,” ಅಂದರು ಅಪ್ಪ. “ನನ್ನೊಬ್ಬನನ್ನೇ ಮುಂದೆ ಮಾಡಿ ಆ ಹುಡುಗೀನ ಬಚ್ಚಿಡಬೇಡ.”

ರೇಡಿಯೋದಲ್ಲಿ ಅಕ್ಕ ಹಾಗೆಯೇ ಮಾಡಿದಳು. ಮಾರನೇ ದಿನದಿಂದ ಆಳುವ ಪಕ್ಷದ ಗಾಡಿಗಳಲ್ಲಿ ಹಾಡು ನಿಂತಿತು. ವಿರೋಧ ಪಕ್ಷದವರು ಅಪ್ಪನ ಚರಣ ಕೈಬಿಟ್ಟು ಎರಡನೆಯದನ್ನಷ್ಟೇ ಇಟ್ಟುಕೊಂಡರು. ಪುರಭವನದಲ್ಲಿ ನಿಗದಿಯಾಗಿದ್ದ ನಮ್ಮ ಕಾರ್ಯಕ್ರಮವನ್ನು ಅಲ್ಲಿನ ಮೇಲ್ವಿಚಾರಕರು, ಮುಂದೆ ನೋಡೋಣ ಎಂದು ಮುಂದಕ್ಕೆ ಹಾಕಿದರು. ಅದು ಇವತ್ತಿಗೂ ಆಗಿಲ್ಲ.

ಆ ಭಾನುವಾರ ಮನೆಯಲ್ಲೇ ಅಭ್ಯಾಸಕ್ಕೆ ಕೂತೆವು. ಹಿಂದೆಲ್ಲ ಎರಡನೇ ಚರಣವನ್ನು ಅವಸರದಲ್ಲಿ ಮುಗಿಸುತ್ತಿದ್ದ ಅಕ್ಕ ಅವತ್ತು ಒಂದೊಂದೇ ಸಾಲನ್ನು ಬಿಡಿಸಿ ಹಾಡಿದಳು. ಅವಳ ಮುಖ ನೋಡಿಕೊಂಡು ನಾನೂ ತಾಳದ ವೇಗ ಇಳಿಸಿದೆ.