ಕಂಸದೊಳಗಿನ ಚಪ್ಪಾಳೆ

ಹನೋರಾ ಕ್ವಿಲ್ಟಿ ಕಾಗದ ಒದ್ದೆ ಮಾಡುತ್ತಿದ್ದಾಳೆ. ಹತ್ತು ಒಣ ಹಾಳೆ, ಅದರ ಮೇಲೆ ತೊಟ್ಟಿಯಲ್ಲಿ ಅದ್ದಿ ತೆಗೆದ ಒಂದು ಹಾಳೆ, ಮತ್ತೆ ಹತ್ತು ಒಣ ಹಾಳೆ. ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ನಾಳೆ ಅಚ್ಚಿನ ಹೊತ್ತಿಗೆ ಎಲ್ಲ ಹದವಾಗಿರಬೇಕು.

ಕಥೆ ಹೀಗೆ ಶುರುವಾಗಬಹುದೇ? ನನಗೂ ಗೊತ್ತಿಲ್ಲ. ಮೊದಲ ಡ್ರಾಫ್ಟನ್ನು ಡಬ್ಲಿನ್ನಿನ ಪಾರ್ಲಿಮೆಂಟಿನ ಕಂಬಗಳಿಂದ ಶುರುಮಾಡಿದ್ದೆ. ಮೂರು ಪುಟ ಬರೀ ಕಂಬ. ಎರಡನೆಯದನ್ನು ಇಸವಿಯಿಂದ: ಸಾವಿರದ ಎಂಟುನೂರು, ಚಳಿಗಾಲ, ಐರ್ಲೆಂಡಿನ ಸಭೆ ತನ್ನ ಬಾಗಿಲು ತಾನೇ ಮುಚ್ಚಿಕೊಂಡು ಲಂಡನ್ನಿನ ಸಭೆಯಲ್ಲಿ ಸೇರಿಹೋಗಬೇಕೆಂಬ ಮಸೂದೆ, ಅದರ ಮೇಲೆ ಚರ್ಚೆ. ಬರೆದು ಓದಿದೆ, ಆಕಳಿಕೆ ಬಂತು. (ನಿಮಗಿಂತ ಮೊದಲು ನಾನೇ ಆಕಳಿಸಿದರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ.) ಅದಕ್ಕೇ ಒದ್ದೆ ಕಾಗದ.

೨

(ಒಂದು ಎಲ್ಲಿ ಎಂದು ಕೇಳಬೇಡಿ. ಅದು ಕಂಬಗಳ ಜೊತೆ ಹೋಯಿತು.)

ಅಚ್ಚಿನ ಅಂಗಡಿ ಸ್ಕಿನ್ನರ್ ರೋ ಬೀದಿಯಲ್ಲಿದೆ. ಯಜಮಾನ ಡೊಯ್ನ್ ಸಭೆಯ ಗ್ಯಾಲರಿಯಲ್ಲಿ ಕೂತು ಸದಸ್ಯರ ಮಾತು ಬರೆದುಕೊಂಡು ಬರುತ್ತಾನೆ, ವಾರಕ್ಕೊಮ್ಮೆ ಪುಸ್ತಿಕೆ ಮಾಡಿ ಅಚ್ಚು ಹಾಕುತ್ತಾನೆ. ಅವನ ಅಕ್ಷರ ಓದಬಲ್ಲವಳು ಹನೋರಾ ಒಬ್ಬಳೇ. ಅವಳು ಶುದ್ಧಪ್ರತಿ ಮಾಡುತ್ತಾಳೆ, ಕಾಗದ ಒದ್ದೆ ಮಾಡುತ್ತಾಳೆ, ಮಡಿಸುತ್ತಾಳೆ.

ಸೋಮವಾರದ ಚರ್ಚೆಯಲ್ಲಿ ಗೆಥಿನ್ ಎಂಬ ಮುದುಕ ಸದಸ್ಯರು ಎದ್ದು ನಿಂತಿದ್ದರು. ವಾಕ್ಯಕ್ಕೆ ಎರಡು ಸಲ ಕೆಮ್ಮುವವರು. ಅವರು ಎದ್ದ ಕೂಡಲೇ ಉಳಿದವರು ಊಟಕ್ಕೆ ಎದ್ದರು. ಅವರು ಹೇಳಿದ್ದು ಡೊಯ್ನ್‌ನ ಕೈಬರಹದಲ್ಲಿ ಸರಿಯಾಗಿ ಒಂದು ಪುಟ. ಅದರಲ್ಲಿ ಹೀಗಿತ್ತು: "ಇವತ್ತು ಬೆಳಿಗ್ಗೆ ಪಿಮ್ಲಿಕೋದ ನೇಕಾರರ ಬೀದಿಯಲ್ಲಿ ನಡೆದು ಬಂದೆ. ಹತ್ತೊಂಬತ್ತು ಮಗ್ಗದ ಸದ್ದು ಕೇಳಿಸಿತು. ಹೋದ ವರ್ಷ ಐವತ್ತೆರಡಿತ್ತು. ಒಬ್ಬ ನೇಕಾರ ಖಾಲಿ ಮಗ್ಗದ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ಈ ಸಭೆ ಲಂಡನ್ನಿಗೆ ಹೋದರೆ ರೇಷ್ಮೆ ಉಡುವವರೂ ಅದರ ಹಿಂದೆ ಹೋಗುತ್ತಾರೆ. ಆಮೇಲೆ ಅವನು ಯಾರಿಗಾಗಿ ನೇಯಬೇಕು?"

ಆಲೂಗಡ್ಡೆ ಸುಲಿಯುತ್ತಿದ್ದವನು ಹನೋರಾಳ ಅಪ್ಪ.

ಹನೋರಾ ಆ ಪುಟ ಓದಿ ಹೇಳಿದಾಗಿನಿಂದ ಅವನು ದಿನಾ ಕೇಳುತ್ತಾನೆ.

"ಶನಿವಾರ ಅಚ್ಚಾಗತ್ತೆ ತಾನೆ?"

"ಹ್ಞೂಂ, ಅಪ್ಪ."

"ಆ ಆಲೂಗಡ್ಡೆ ತೆಗೆಸಕ್ಕಾಗಲ್ವಾ? ಮಗ್ಗದ ಮೇಲೆ ಕೂತಿದ್ದ ಅಂದ್ರೆ ಸಾಕಲ್ಲ."

"ಇರಲಿ ಬಿಡಪ್ಪ. ಕೂತು ಸುಲೀತಿದ್ದದ್ದು ಅದನ್ನೇ ಅಲ್ವಾ."

೩

ಇವತ್ತು ಶುಕ್ರವಾರ. ಬೆಳಿಗ್ಗೆ ಪೆಪ್ಪರ್ಡ್ ಎಂಬ ಸದಸ್ಯ ಕೈಗವಸು ಬಿಚ್ಚುತ್ತಾ ಒಳಗೆ ಬಂದ. ಅವನನ್ನು ಆರಿಸಿ ಕಳಿಸುವ ಊರಿನಲ್ಲಿ ಹದಿಮೂರು ಮತದಾರರು, ಅವರಲ್ಲಿ ನಾಲ್ವರು ಅವನ ಸೋದರಮಾವಂದಿರು. (ಮೊದಲು ಆರು ಮಾವಂದಿರು ಎಂದು ಬರೆದಿದ್ದೆ. ಅತಿಯಾಯಿತು ಅನಿಸಿತು.)

"ಡೊಯ್ನ್, ತಗೋ. ಸೋಮವಾರದ ನನ್ನ ಭಾಷಣ."

ಹನ್ನೊಂದು ಪುಟ.

"ಸೋಮವಾರ ತಾವು ಕಿಟಕಿ ಮುಚ್ಚಿ ಅಂದ್ರಿ, ಸಾಹೇಬ್ರೆ. ಅಷ್ಟೇ ನಾನು ಬರ್ಕೊಂಡಿರೋದು."

"ಅದು ಪೀಠಿಕೆ."

ಇದನ್ನು ಮೋಸ ಅಂದುಕೊಳ್ಳಬೇಡಿ. ಇಲ್ಲಿ ಎಲ್ಲರೂ ಮಾಡುವುದೇ. ಸಭೆಯಲ್ಲಿ ಆಡಲಾಗದೆ ಹೋದ ಮಾತನ್ನು ಮನೆಯಲ್ಲಿ ಕೂತು ಬರೆದು ಅಚ್ಚಿನವನಿಗೆ ಕೊಟ್ಟರೆ, ಆಡಿದಂತೆಯೇ ಲೆಕ್ಕ.

"ಇದು ಮಸೂದೆಗೆ ವಿರುದ್ಧ ಇದೆ," ಅಂದ ಡೊಯ್ನ್, ಓದುತ್ತಾ. "ತಾವು ಓಟು ಹಾಕಿದ್ದು ಪರವಾಗಿ."

"ಓಟು ನೋಡೋರು ಬೇರೆ, ಪುಸ್ತಿಕೆ ಓದೋರು ಬೇರೆ. ಇಬ್ಬರನ್ನೂ ಯಾಕೆ ನೋಯಿಸ್ಬೇಕು? ಚಪ್ಪಾಳೆ ಮಾತ್ರ ಬಿಡಬೇಡ. ಒಂದೊಂದಕ್ಕೂ ಒಂದು ಸಾಲು. ಕಂಸದೊಳಗೆ."

ಚಪ್ಪಾಳೆಯನ್ನೂ ಅವನೇ ಬರೆದು ತಂದಿದ್ದ. 'ದೀರ್ಘ ಚಪ್ಪಾಳೆ.' 'ಕೇಳಿರಿ, ಕೇಳಿರಿ.' 'ಗ್ಯಾಲರಿಯಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು.'

ಪುಸ್ತಿಕೆಗೆ ಒಂದೇ ಹಾಳೆ, ಮಡಿಸಿದರೆ ಹದಿನಾರು ಪುಟ. ಉಳಿದವರ ಭಾಷಣಗಳು ಐದು ಪುಟ, ಪೆಪ್ಪರ್ಡ್‌ನದು ಹನ್ನೊಂದು. ಡೊಯ್ನ್ ಬೆರಳು ಮಡಿಸಿ ನೋಡಿದ. ಗೆಥಿನ್ನರ ಪುಟ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಮುಖ ಕೆಳಗಾಗಿ ಇಟ್ಟು, ಹಾರದಿರಲಿ ಎಂದು ಮಸಿಕುಡಿಕೆ ಹೇರಿದ.

"ಪಾಪ, ಆ ಮುದುಕರ ಮಾತು ಅಲ್ಲೇ ಯಾರೂ ಕೇಳಲಿಲ್ಲ," ಅಂದ. "ಇಲ್ಲಿ ಯಾರು ಓದ್ತಾರೆ."

೪

ಇಲ್ಲಿ ಹನೋರಾ ತೊಟ್ಟಿಯ ಬಳಿಯಿಂದ ಎದ್ದು ಗುಡುಗುತ್ತಾಳೆ ಎಂದು ಬರೆದೆ. ಒಳ್ಳೆಯ ಭಾಷಣವನ್ನೇ ಬರೆದುಕೊಟ್ಟೆ, ಮುಕ್ಕಾಲು ಪುಟ.

"ನಾನು ಹಾಗೆಲ್ಲ ಮಾತಾಡೋಳಲ್ಲ," ಅಂದಳು ಅವಳು ನನಗೆ.

"ಹಾಗಾದ್ರೆ ಕಥೆ ಮುಂದೆ ಹೋಗೋದು ಹೇಗೆ?"

"ಹೇಳದೇ ಇರೋ ಭಾಷಣ ಬರೆದು ನನ್ನ ಹೆಸರು ಹಾಕ್ತೀರಲ್ಲ, ನೀವೂ ಪೆಪ್ಪರ್ಡ್ ಸಾಹೇಬರ ಕಡೆಯವರಾ? ಸುಮ್ಮನಿರಿ. ನಾನು ಎಣಿಸ್ತಾ ಇದೀನಿ."

"ಏನನ್ನ?"

"ಚಪ್ಪಾಳೆ."

ಶುದ್ಧಪ್ರತಿ ಮಾಡಲೆಂದು ಡೊಯ್ನ್ ಕೊಟ್ಟ ಹನ್ನೊಂದು ಪುಟಗಳ ಮೇಲೆ ಅವಳು ಒದ್ದೆ ಬೆರಳು ತಾಗದಂತೆ ಕಣ್ಣಾಡಿಸಿದಳು. ಮೂವತ್ತಾರು ಚಪ್ಪಾಳೆ, ಮೂವತ್ತಾರು ಸಾಲು. ಡೊಯ್ನ್‌ನ ಪುಸ್ತಿಕೆಯ ಒಂದು ಪುಟಕ್ಕೆ ಹಿಡಿಯುವುದೂ ಮೂವತ್ತಾರು ಸಾಲು.

(ಇದು ತೀರಾ ಅನುಕೂಲಕ್ಕೆ ಬಂದ ಲೆಕ್ಕ ಎನ್ನುತ್ತೀರಿ. ಹೌದು. ಕಥೆ ಕಟ್ಟುವವಳಿಗೆ ಇಷ್ಟಾದರೂ ದಕ್ಕಬೇಡವೆ?)

ಅಷ್ಟರಲ್ಲಿ ಪೆಪ್ಪರ್ಡ್ ನನ್ನ ಕಡೆ ತಿರುಗಿದ. "ನನ್ನನ್ನ ನಗೆಪಾಟಲು ಮಾಡ್ತಿದೀಯ. ಮಾಡು. ಆದ್ರೆ ನೀನು ಮಾಡ್ತಿರೋದೇನು? ಎರಡು ಸಾಲಿಗೊಂದು ಕಂಸ ಹಾಕಿ, ನಿನ್ನ ಜೋಕಿಗೆ ನೀನೇ ನಗ್ತೀಯ."

ಎಣಿಸಿದೆ. ಇಲ್ಲಿಯವರೆಗೆ ನಾಲ್ಕು. ಇನ್ನು ಮುಂದೆ ಹಾಕುವುದಿಲ್ಲ.

೫

ಒಂದು ಮುಕ್ತಾಯ: ಡೊಯ್ನ್ ಹನೋರಾಳ ಲೆಕ್ಕ ಮೆಚ್ಚಿ ಪುಟ ಸೇರಿಸುತ್ತಾನೆ, ಅಪ್ಪ ಅದನ್ನು ಮಗ್ಗಕ್ಕೆ ಅಂಟಿಸುತ್ತಾನೆ. ಬರೆಯುವಾಗಲೇ ನಾಚಿಕೆಯಾಯಿತು.

ಇನ್ನೊಂದು: ಅವಳು ಪುಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು... ಅಲ್ಲ, ಅವಳಿಗೆ ಸೆರಗಿಲ್ಲ, ಏಪ್ರನ್ನು. ಏಪ್ರನ್ನಿನಲ್ಲಿ ಮುಚ್ಚಿ ಮನೆಗೆ ಒಯ್ದು ಅಪ್ಪನಿಗೆ ಓದಿ ಹೇಳುತ್ತಾಳೆ. ಇದು ನನಗೆ ಬಹಳ ಹಿಡಿಸಿತ್ತು.

"ಓದಿ ಹೇಳೋದು ಮಂಗಳವಾರಾನೇ ಆಯ್ತಲ್ಲ," ಅಂದಳು ಹನೋರಾ. "ಅಪ್ಪ ಅಲ್ಲಿದ್ದ ಅಂತ ಅಪ್ಪನಿಗೆ ಗೊತ್ತು. ಬೇರೆಯವರಿಗೆ ಗೊತ್ತಾಗಬೇಕು. ಅದಕ್ಕೆ ಅಚ್ಚೇ ಬೇಕು."

ಮೂರನೆಯದರಲ್ಲಿ ಇನ್ನೂರು ವರ್ಷದ ಮೇಲೆ ಯಾರಿಗೋ ಆ ಪುಟ ಸಿಗುತ್ತಿತ್ತು. ಹರಿದು ಹಾಕಿದೆ. ಅವಳ ಅಪ್ಪ ಕಾಯುತ್ತಿರುವುದು ನಾಳೆಗೆ.

೬

ಡೊಯ್ನ್ ಮತ್ತು ಪೆಪ್ಪರ್ಡ್ ಒಲೆಯ ಪಕ್ಕ ನಿಂತು ಕೇಕು ತಿನ್ನುತ್ತಿದ್ದರು. ಹನೋರಾ ತೊಟ್ಟಿಯಿಂದ ಕೈ ತೆಗೆದಳು. ಒರೆಸಿಕೊಳ್ಳಲು ಮರೆತಳು. ನಾನು ನೆನಪಿಸಲಿಲ್ಲ. ಅವಳ ಬಾಯಲ್ಲಿ ನಾನು ಯಾವ ಮಾತನ್ನೂ ಇಡಲಿಲ್ಲ.

"ಯಜಮಾನ್ರೆ."

ಇಬ್ಬರೂ ತಿರುಗಿದರು.

"ಚಪ್ಪಾಳೆ ತೆಗೆದ್ರೆ ಒಂದು ಪುಟ ಉಳಿಯತ್ತೆ. ಗೆಥಿನ್ ಅವರದ್ದು ಹಿಡಿಯತ್ತೆ."

ಪೆಪ್ಪರ್ಡ್ ಕೈಗವಸು ಮತ್ತೆ ತೊಟ್ಟು ಅದರ ಒಂದೊಂದೇ ಬೆರಳು ಎಳೆದು ಸರಿಮಾಡಿದ. ಡೊಯ್ನ್ ಕಿಟಕಿಯ ಕಡೆ ನೋಡಿದ, ಮಸಿಕುಡಿಕೆಯ ಕಡೆ ನೋಡಿದ, ಕೇಕಿನ ಚೂರು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ. ಹನೋರಾಳ ಬೆರಳ ತುದಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅವನು ಅಗಿದು ಮುಗಿಸಲಿ ಎಂದು ಕಾದಳು. ಮುಗಿಸಿದ.

"ಆ ಪುಟ ಹಾಕಿ, ಯಜಮಾನ್ರೆ."