ಕರೆದು ಬಂದ ಬಾಗಿಲಿಗೆ ಮತ್ತೆ

ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸಗಾರರು ಹಿಂದೆ ಕಟ್ಟಿಕೊಂಡ ಸಾಲುಮನೆಗಳಲ್ಲಿ ಒಂದು ಪದ್ಧತಿ ಇದೆ. ಮದುವೆಗೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಹೊರಟ ಹೆಂಗಸು ಒಂದು ಬಾಗಿಲನ್ನು ಬಿಟ್ಟು ಮುಂದಿನ ಬಾಗಿಲಿಗೆ ಹೋಗುವಂತಿಲ್ಲ. ತಮಿಳರ ಮನೆಯಿರಲಿ, ತೆಲುಗರ ಮನೆಯಿರಲಿ, ನಿನ್ನೆ ನಲ್ಲಿಯ ಹತ್ತಿರ ಜಗಳವಾಡಿದವರ ಮನೆಯೇ ಇರಲಿ, ಹೊಸಿಲಿಗೆ ನಿಂತು ಕುಂಕುಮ ಕೊಟ್ಟೇ ಮುಂದೆ ಹೋಗಬೇಕು.

ದುರ್ಗಮ್ಮ ಇದನ್ನು ಮರೆತವಳಲ್ಲ. ಮರೆಯದೆಯೇ ತಪ್ಪು ಮಾಡಿದಳು.

ಅವಳು ಹೊರಟದ್ದು ಸಾಲಿನ ಕೊನೆಯಲ್ಲಿದ್ದ ಕರಿಬಸಮ್ಮನ ಮನೆಗೆ ಮಾತ್ರ. ಸಾಲಿಗೆಲ್ಲ ಹಿರಿಯಳಾದ ಆ ಮುದುಕಿಯೊಬ್ಬಳನ್ನು ಕರೆಯಲು ಮಗಳು ರಕ್ಷಾ ಒಪ್ಪಿದ್ದಳು. ಬಟ್ಟಲನ್ನು ಸೆರಗಿನೊಳಗೆ ಇಟ್ಟುಕೊಂಡು, ತಲೆ ತಗ್ಗಿಸಿಕೊಂಡು ದುರ್ಗಮ್ಮ ನಡೆದಳು. ಪಕ್ಕದ ಮನೆಯ ಅಂಜಲೈ ಬಾಗಿಲಿಗೆ ನೀರು ಹಾಕುತ್ತಿದ್ದವಳು ಚೊಂಬು ಕೆಳಗಿಟ್ಟಳು.

"ಏನ್ ದುರ್ಗಕ್ಕಾ, ಕೋಳಿ ಕದ್ದವಳ ಥರ ಹೋಗ್ತಿದ್ದೀಯ? ಸೆರಗಲ್ಲಿ ಏನಿದೆ?"

"ಏನಿಲ್ಲ ಮಾರಾಯ್ತಿ."

"ಏನಿಲ್ಲ ಅಂದ್ರೆ ಬೆರಳಲ್ಲಿ ಕುಂಕುಮ ಯಾಕಿದೆ? ರಕ್ಷಾ ಮದುವೆ ಬಟ್ಟಲು ತಾನೇ! ಇರು, ಕೈ ತೊಳ್ಕೊಂಡು ಬರ್ತೀನಿ."

ಕೈ ತೊಳೆದು, ಸೆರಗು ಹೊದ್ದು, ಹಣೆ ಮುಂದೆ ಮಾಡಿ ನಿಂತವಳಿಗೆ ಏನೆಂದು ಹೇಳುವುದು? ದುರ್ಗಮ್ಮ ಕುಂಕುಮ ಇಟ್ಟಳು. "ಭಾನುವಾರ ಬೆಳಿಗ್ಗೆ, ಹೊಳಲೂರಲ್ಲಿ, ಎಲ್ರೂ ಬನ್ನಿ" ಎಂಬ ಮಾತು ತಾನಾಗಿಯೇ ಬಾಯಿಂದ ಬಂತು. ಅಷ್ಟರಲ್ಲಿ ಎದುರು ಮನೆಯವಳು ಹೊರಗೆ ಬಂದಿದ್ದಳು. ಕರಿಬಸಮ್ಮನ ಮನೆ ಮುಟ್ಟುವ ಹೊತ್ತಿಗೆ ಸಾಲಿಗೆ ಸಾಲೇ ಕರೆದಾಗಿತ್ತು, ಬಟ್ಟಲಿನ ತಳ ಕಾಣುತ್ತಿತ್ತು.

ಇದು ರಕ್ಷಾಳಿಗೆ ತಿಳಿದದ್ದು ಗುರುವಾರ ಸಂಜೆ. ಅವಳು ಶಿವಮೊಗ್ಗದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತ ಅಲ್ಲೇ ಹಾಸ್ಟೆಲಿನಲ್ಲಿದ್ದಳು. ಅವತ್ತು ರಜೆ ಹಾಕಿ ಮನೆಗೆ ಬಂದವಳು ಮೊಬೈಲಿನಲ್ಲಿ ಅಪ್ಪ ಅಮ್ಮನಿಗೆ ತನಗೂ ಅಭಯನಿಗೂ ಮದುವೆಯಾಗುವ ಜಾಗ ತೋರಿಸುತ್ತಿದ್ದಳು. ಹೊಳಲೂರಿನ ಹತ್ತಿರ ಹೊಳೆಯ ದಡದಲ್ಲಿ ಗೆಳತಿಯೊಬ್ಬಳ ಮನೆಯವರ ತೋಟ. ವೇದಿಕೆ ಇಲ್ಲ, ಮೈಕ್ ಇಲ್ಲ. ನಾಲ್ಕು ಬಾಳೆಕಂಬದ ಪುಟ್ಟ ಮಂಟಪ, ಅದಕ್ಕೆ ಹಳದಿ ಮತ್ತು ಬಿಳಿ ಸೇವಂತಿಗೆ. ಅದರ ಮುಂದೆ ಅರ್ಧ ಚಂದ್ರದ ಹಾಗೆ ನಲವತ್ತು ಕುರ್ಚಿ. ಚಳಿಗೆಂದು ಒಂದೊಂದು ಕುರ್ಚಿಯ ಬೆನ್ನಿಗೂ ಒಂದೊಂದು ಶಾಲು, ನಡುನಡುವೆ ಕೆಂಡದ ಬಾಣಲೆ, ಬಂದವರ ಕೈಗೆ ಶುಂಠಿ ಹಾಕಿದ ಬೆಲ್ಲದ ಕಾಫಿ. ಮುಹೂರ್ತ ಬೆಳಗಿನ ಜಾವಕ್ಕೆ, ಹೊಳೆಯ ಮೇಲೆ ಮಂಜು ಇರುವಾಗಲೇ. ಅದಾದ ಮೇಲೆ ಧನುರ್ಮಾಸ ಹಿಡಿಯುತ್ತಿತ್ತು, ಬೇರೆ ದಿನ ಇರಲಿಲ್ಲ.

"ಮಂಜಲ್ಲಿ ದೀಪ ಹೇಗೆ ಕಾಣತ್ತೆ ನೋಡಮ್ಮ. ಅಭಯ, ನಾನು ಇಬ್ರೂ ಮೊದಲು ಮಾತಾಡಿದ್ದೇ ಇಂಥ ಮಂಜಲ್ಲಿ, ಶಂಕರಘಟ್ಟದ ಬಸ್‌ಸ್ಟಾಪಲ್ಲಿ. ಅವ್ರಿಗೆ ನನ್ನ ಮುಖ ಕಾಣಿಸ್ತಿರಲಿಲ್ವಂತೆ, ಅದಕ್ಕೇ ಧೈರ್ಯ ಬಂತಂತೆ."

"ಮುಖ ಕಂಡಿದ್ರೆ ಓಡಿಹೋಗ್ತಿದ್ದ" ಎಂದ ಅಪ್ಪ ಚೌಡಪ್ಪ. ಮೂವರೂ ನಕ್ಕರು. ಆಗಲೇ ಗೋಡೆಯಾಚೆಯಿಂದ ಅಂಜಲೈ ಕೂಗಿದಳು.

"ಕಲ್ಯಾಣದ ಹೆಣ್ಣು ಬಂದ್ಲಾ? ರಕ್ಷಾ, ನಾವೆಲ್ಲ ಸೇರಿ ಮಿನಿಬಸ್ ಮಾತಾಡಿದ್ದೀವಿ ಕಣೇ! ಸಾಲಲ್ಲಿ ಒಂದು ನಾಯಿ ಕೂಡ ಉಳಿಯಲ್ಲ!"

ರಕ್ಷಾ ಮೊಬೈಲನ್ನು ಮಡಿಲಿಗೆ ಇಟ್ಟುಕೊಂಡಳು. ಅಮ್ಮನ ಮುಖ ನೋಡಿದಳು.

"ಎಲ್ರನ್ನೂ ಕರೆದುಬಿಟ್ಯಾ?"

"ಬಟ್ಟಲು ಕೈಯಲ್ಲಿತ್ತು ಕಣೇ. ದಾಟಿಕೊಂಡು ಹೇಗೆ ಹೋಗಲಿ?"

"ಅಮ್ಮಾ, ನಾನು ಅತ್ತೆಗೆ ಮಾತು ಕೊಟ್ಟಿದ್ದೀನಿ."

ಅತ್ತೆಯೆಂದರೆ ಅಭಯನ ತಾಯಿ ಶರಾವತಿ. ಸವಳಂಗ ರಸ್ತೆಯಲ್ಲಿ ಅವರ ಮನೆ. ಮಳೆಗಾಲದಲ್ಲಿ ಅವಳ ಗಂಡ ಶಂಕರನಾರಾಯಣ ಮೇಷ್ಟ್ರು ಊಟಕ್ಕೆ ಕೂತಲ್ಲೇ ಹೋಗಿಬಿಟ್ಟಿದ್ದರು. ವರ್ಷ ತುಂಬುವುದರೊಳಗೆ ಮದುವೆ ಮುಗಿಸಿಬಿಡಿ ಎಂದು ಅವರ ಹಿರಿಯರು ಹೇಳಿದ್ದರು. ಶರಾವತಿ ಒಂದೇ ಒಂದು ಮಾತು ಕೇಳಿಕೊಂಡಿದ್ದಳು: ಜನ ಸೇರಿಸಬೇಡಿ, ಎರಡೂ ಕಡೆ ಸೇರಿ ನಲವತ್ತು ಮಂದಿ ಸಾಕು.

"ಅವರು ಜನ ಕಂಡ್ರೆ ಎದ್ದು ಹೋಗಿಬಿಡ್ತಾರೆ ಅಮ್ಮ. ಮೊನ್ನೆ ನಾಮಕರಣಕ್ಕೆ ಹೋಗಿ ಬಾಗಿಲಲ್ಲೇ ವಾಪಸ್ ಬಂದ್ರು. ಮಗನ ಧಾರೆ ಹೊತ್ತಲ್ಲಿ ಹಾಗಾದ್ರೆ ಅಭಯ ತಡ್ಕೊಳ್ಳಲ್ಲ. ನಾನೂ ತಡ್ಕೊಳ್ಳಲ್ಲ." ರಕ್ಷಾ ಮೊಬೈಲನ್ನು ಪಕ್ಕಕ್ಕೆ ಸರಿಸಿದಳು. "ನೀನು ಕರೆದಿದ್ದೀಯ. ನೀನೇ ಹೋಗಿ ಬರಬೇಡಿ ಅಂತ ಹೇಳು."

ಚೌಡಪ್ಪ ಬೀಡಿ ಹುಡುಕುವ ನೆಪದಲ್ಲಿ ಎದ್ದು ಹೋದ. ದುರ್ಗಮ್ಮ ಮಗಳನ್ನೇ ನೋಡುತ್ತ ಕೂತಳು. ಕರೆದವರಿಗೆ ಬರಬೇಡಿ ಅನ್ನುವುದು ಎಂದರೇನೆಂದು ಈ ಹುಡುಗಿಗೆ ಗೊತ್ತೇ? ಕಷ್ಟ ಬಂದ ಮನೆಗೆ ಕರೆಯದಿದ್ದರೂ ಓಡಿ ಬರುವ ಜನ ಇವರು. ಚೌಡಪ್ಪನ ಕಾಲಿನ ಮೇಲೆ ಕಾರ್ಖಾನೆಯಲ್ಲಿ ಕಬ್ಬಿಣ ಬಿದ್ದಾಗ ಸರದಿಯ ಮೇಲೆ ಆಸ್ಪತ್ರೆಯಲ್ಲಿ ಕಾದವರು. ರಕ್ಷಾ ಹುಟ್ಟಿದಾಗ ಬಿಸಿನೀರು ಕಾಯಿಸಿದ್ದು ಕರಿಬಸಮ್ಮ. ದುರ್ಗಮ್ಮನಿಗೆ ಎದೆಹಾಲು ಬಾರದೆ ಮಗು ಅತ್ತಾಗ ತನ್ನ ಮಗುವನ್ನು ಬದಿಗಿಟ್ಟು ಇದನ್ನು ಎತ್ತಿಕೊಂಡವಳು ಅಂಜಲೈ.

ಆದರೂ ಶುಕ್ರವಾರ ಬೆಳಿಗ್ಗೆ ಎದ್ದು ಹೊರಟಳು. ಈ ಕೆಲಸಕ್ಕೆ ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕೆಂದು ಯಾವ ಪದ್ಧತಿಯಲ್ಲೂ ಇರಲಿಲ್ಲ. ಬರಿಗೈಯಲ್ಲಿ ಹೋದಳು.

ಅಂಜಲೈ ಒಳಗೆ ಎಳೆದುಕೊಂಡು ಹೋಗಿ ಕೂರಿಸಿದಳು. ಮಂಚದ ಮೇಲೆ ಹೊಸ ಸೀರೆ ಹರವಿಕೊಂಡಿತ್ತು, ಕೆಂಪಂಚಿನ ಹಸಿರು.

"ಬಣ್ಣ ಜಾಸ್ತಿ ಆಯ್ತಾ ಅಕ್ಕಾ? ನಿಜ ಹೇಳು. ಹಾಲು ಕುಡಿಸಿದವಳು ನಾನು, ಧಾರೆ ಹೊತ್ತಲ್ಲಿ ನಿನ್ನ ಹಿಂದೇನೇ ನಿಲ್ತೀನಿ. ಫೋಟೋದಲ್ಲಿ ನೀನು ಕಾಣದಿದ್ರೂ ನಾನು ಕಾಣಬೇಕು."

"ಚೆನ್ನಾಗಿದೆ" ಎಂದಳು ದುರ್ಗಮ್ಮ.

"ಏನೋ ಹೇಳೋಕೆ ಬಂದ ಹಾಗಿತ್ತು?"

"ಸ್ವಲ್ಪ... ಕರಿಬೇವು ಇದೆಯಾ ಅಂತ."

ಎದುರು ಮನೆಗೆ ಹೋದಳು. ಅಲ್ಲಿ ಮದುವೆಗೆಂದು ರಜೆ ಕೇಳಿ ಬೈಸಿಕೊಂಡ ಅಳಿಯನ ಕತೆ ಕೇಳಿ ಎದ್ದು ಬಂದಳು. ಅದರಾಚೆಯ ಮನೆಯಲ್ಲಿ ಕೊಬ್ಬರಿ ಮಿಠಾಯಿ ಆರಲು ಹಾಕಿದ್ದರು; ರುಚಿ ನೋಡು ಎಂದು ಬಾಯಿಗೇ ಇಟ್ಟರು. ಬಾಯಿ ತುಂಬ ಸಿಹಿ ಇಟ್ಟುಕೊಂಡು ಆ ಮಾತು ಹೇಗೆ ಆಡುವುದು? ಮನೆಗೆ ಮರಳಿದಾಗ ಅವಳ ಮಡಿಲಲ್ಲಿ ಕರಿಬೇವು, ಹುಣಸೆಹಣ್ಣು, ಒಂದು ಹಿಡಿ ಸಾಸಿವೆ ಇದ್ದವು. ಆಡಬೇಕಾದ ಮಾತು ಹಾಗೇ ಉಳಿದಿತ್ತು.

ಕೊನೆಗೆ ಮಿನಿಬಸ್ಸಿನ ಯುವರಾಜನನ್ನು ರಸ್ತೆ ತಿರುವಿನಲ್ಲಿ ಹಿಡಿದಳು.

"ಯುವರಾಜ, ಭಾನುವಾರ ಗಾಡಿ ಕೆಟ್ಟೋಯ್ತು ಅಂತ ಹೇಳೋಕಾಗತ್ತಾ ನಿನ್ನ ಕೈಲಿ?"

ಅವನು ಗಾಡಿಯ ಗಾಜು ಒರೆಸುತ್ತಿದ್ದವನು ನಿಲ್ಲಿಸಿ ಅವಳನ್ನು ನೋಡಿದ. "ಆಂಟಿ, ಗಾಡಿ ಕೆಟ್ರೆ ಇವ್ರು ಸುಮ್ನಿರ್ತಾರಾ? ಆಟೋ ಮಾಡ್ತಾರೆ, ಬೈಕಲ್ಲಿ ಮೂರ್ಮೂರು ಜನ ಬರ್ತಾರೆ. ಕರಿಬಸಜ್ಜಿನ ನಾನೇ ಹೊತ್ಕೊಂಡು ಬರ್ಬೇಕಾಗತ್ತೆ." ಮತ್ತೆ ಮೆತ್ತಗೆ ಕೇಳಿದ. "ಏನಾಯ್ತು ಆಂಟಿ?"

ಶಿವಮೊಗ್ಗದ ಬಸ್ಸು ಬಂತು, ದುರ್ಗಮ್ಮ ಹತ್ತಿಬಿಟ್ಟಳು. ಇನ್ನೊಂದೇ ದಾರಿ ಉಳಿದಿತ್ತು. ಬೀಗಿತ್ತಿಯ ಕಾಲಿಗೆ ಬಿದ್ದಾದರೂ ಸರಿ, ನಮ್ಮ ಸಾಲಿನವರು ಬರಲಿ, ಹಿಂದೆ ಮೂಲೆಯಲ್ಲಿ ನಿಂತುಕೊಳ್ಳಲಿ ಎಂದು ಬೇಡಿಕೊಳ್ಳುವುದು.

ಸವಳಂಗ ರಸ್ತೆಯ ಮನೆಯಲ್ಲಿ ಶರಾವತಿ ಒಬ್ಬಳೇ ಇದ್ದಳು. ಕಾಫಿ ತಂದಿಟ್ಟಳು. ದುರ್ಗಮ್ಮ ಬಂದ ವಿಷಯವನ್ನು ಸುತ್ತಿ ಬಳಸಿ ಅರ್ಧ ಹೇಳಿದಳು. ಉಳಿದರ್ಧ ಶರಾವತಿಗೇ ತಿಳಿಯಿತು.

"ಎಷ್ಟು ಜನ ಆಗ್ತಾರೆ ದುರ್ಗಮ್ಮನವ್ರೇ?"

"ಒಂದು ಬಸ್ಸು."

ಶರಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವರು ಹೋದಾಗ ಮನೆ ತುಂಬ ಜನ ಬಂದ್ರು. ಒಳ್ಳೆಯವ್ರೇ. ಬಂದ ಒಬ್ಬೊಬ್ರೂ ಹೇಗಾಯ್ತು ಅಂತ ಕೇಳ್ತಿದ್ರು. ಸಾರು ಬಡಿಸ್ತಿದ್ದೆ, ಸಾಕು ಅಂತ ಕೈ ಅಡ್ಡ ಹಿಡಿದ್ರು, ಹಾಗೇ ವಾಲಿದ್ರು. ಇಷ್ಟೇ. ಇದನ್ನ ಪ್ರತಿಯೊಬ್ರಿಗೂ ಹೇಳಿದೆ. ಹೇಳಿದಾಗೆಲ್ಲ ಅವ್ರು ಮತ್ತೆ ವಾಲ್ತಿದ್ರು. ಈಗ ಹೊಸ ಮುಖ ಕಂಡ್ರೆ ಸಾಕು, ಇವ್ರು ಕೇಳ್ತಾರೆ ಅಂತ ಕಾಲಲ್ಲಿ ಶಕ್ತಿಯೇ ಇರಲ್ಲ."

"ನಮ್ಮವ್ರು ಕೇಳಲ್ಲಮ್ಮ, ನಾನು ಹೇಳಿರ್ತೀನಿ..."

"ಬೇಡ!" ಶರಾವತಿ ಅವಳ ಕೈ ಹಿಡಿದುಕೊಂಡಳು. "ನಾನು ಹೀಗಿದ್ದೀನಿ ಅಂತ ಯಾರಿಗೂ ಹೇಳಬೇಡಿ. ಅಯ್ಯೋ ಪಾಪ ಅಂತಾರೆ. ಮಗನ ಮದುವೆ ದಿನ ಅದೊಂದು ಬೇಡ. ಕರೆದಾಗಿದೆ ಅಂದ್ರೆ ಅವರೆಲ್ಲ ಬರಲಿ. ನಾನೇ ಬರಲ್ಲ. ಮನೇಲೇ ಕೂತು ಅಕ್ಷತೆ ಕಳಿಸ್ತೀನಿ."

ಹಿಡಿದ ಕೈ ಐಸಿನ ಹಾಗೆ ತಣ್ಣಗಿತ್ತು. ಬೇಡಿಕೊಳ್ಳಲು ಬಂದವಳಿಗೆ ಬೇಡಲು ಏನೂ ಉಳಿಯಲಿಲ್ಲ. "ನೀವು ಬರಬೇಕು. ಬೇರೆ ಯಾರೂ ಬರಲ್ಲ. ನಾನು ನೋಡ್ಕೊಳ್ತೀನಿ" ಎಂದು ಹೇಳಿ ದುರ್ಗಮ್ಮ ಎದ್ದಳು. ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ, ತಾನು ಏನು ಹೇಳಿ ಬಂದೆ ಎಂಬುದು ಅವಳ ತಲೆಗೆ ಹೋಯಿತು. ಬಸ್‌ಸ್ಟಾಪಿನ ಕಂಬ ಹಿಡಿದು ನಿಂತುಕೊಂಡಳು.

ಶನಿವಾರ ಬೆಳಿಗ್ಗೆ ಸಾಲಿನ ಹೆಂಗಸರೆಲ್ಲ ಕರಿಬಸಮ್ಮನ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತ ಹೂ ಕಟ್ಟುತ್ತಿದ್ದರು. ಮಂಟಪಕ್ಕೆ ಹೂವಿನ ಅಂಗಡಿಯವನಿದ್ದಾನೆ ಎಂದರೂ ಕೇಳಿರಲಿಲ್ಲ. ಮದುಮಗಳ ಜಡೆಯ ಮೊಗ್ಗು, ಬಾಗಿಲ ಸೇವಂತಿಗೆ ಮಾಲೆ ನಮ್ಮ ಕೈಯದ್ದೇ ಆಗಬೇಕು ಎಂದಿದ್ದರು.

"ಬಾರೇ ಬೀಗಿತ್ತಿ, ಕೂತ್ಕೋ. ನಿನ್ನ ಮಗಳ ಹೂವು, ನಮ್ಮ ಬೆರಳು ಸವೀತಿದೆ" ಎಂದಳು ಕರಿಬಸಮ್ಮ.

ದುರ್ಗಮ್ಮ ಕೂರಲಿಲ್ಲ. ಕೂತರೆ ಮತ್ತೆ ಸಾಸಿವೆ ಕೇಳಿ ಎದ್ದು ಬರುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

"ನಾಳೆ ನೀವ್ಯಾರೂ ಬರಬೇಡಿ."

ಯಾರೋ ನಕ್ಕರು. ಅವಳ ಮುಖ ನೋಡಿ ನಗು ಅಲ್ಲಿಗೇ ನಿಂತಿತು.

"ಸಣ್ಣ ಮದುವೆ. ನೆಂಟರು ನಾಲ್ಕು ಜನ ಅಷ್ಟೇ. ಅಜ್ಜಿ ನೀವೊಬ್ರು ಬನ್ನಿ. ಮಿಕ್ಕವ್ರು... ನಾನು ಕರೆದಿದ್ದು ತಪ್ಪಾಯ್ತು."

ಅಂಜಲೈ ದಾರವನ್ನು ಹಲ್ಲಿನಿಂದ ಕಡಿದಳು. "ಬೀಗ್ರು ಬೇಡ ಅಂದ್ರಾ? ದೊಡ್ಡ ಜನ, ನಮ್ಮಂಥವ್ರು ಪಕ್ಕದಲ್ಲಿ ಕೂತ್ರೆ ಆಗಲ್ವಾ? ಹೌದು ಅನ್ನು ಸಾಕು ಅಕ್ಕಾ. ನಿನ್ನ ಮೇಲೆ ಒಂದು ಮಾತು ಆಡಲ್ಲ."

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಎಲ್ಲರೂ ಸೇರಿ ಕಾಣದ ಬೀಗಿತ್ತಿಯನ್ನು ಬೈದು, ದುರ್ಗಮ್ಮನ ಬೆನ್ನು ಸವರಿ, ಕಾಫಿ ಕಾಯಿಸುತ್ತಿದ್ದರು. ಹೌದು ಎಂಬ ಮಾತು ನಾಲಿಗೆಯ ತುದಿಗೂ ಬಂತು. ತಣ್ಣಗಿನ ಆ ಕೈ ನೆನಪಾಯಿತು. ಭದ್ರಾವತಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಶಿವಮೊಗ್ಗ ಮುಟ್ಟುತ್ತದೆ. ಮಗಳು ಬಾಳಬೇಕಾದ ಮನೆ ಅದು.

"ಅವರೇನೂ ಅಂದಿಲ್ಲ" ಎಂದಳು. "ನನಗೇ ಬೇಡ ಅನ್ನಿಸ್ತು."

"ನಿನಗಾ?"

"ನನಗೇ."

ಅಂಜಲೈ ಕಟ್ಟುತ್ತಿದ್ದ ಮೊಗ್ಗನ್ನು ಬುಟ್ಟಿಗೆ ಹಾಕಿ ಎದ್ದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ದುರ್ಗಮ್ಮನಿಗೆ ಅನ್ನಿಸಿತು. ಅಂಜಲೈ ಸೀರೆ ಕೊಡವಿಕೊಂಡು ತನ್ನ ಮನೆಗೆ ಹೋದಳು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು.

ಕರಿಬಸಮ್ಮ ಹೂವಿನ ಬುಟ್ಟಿಯನ್ನು ಮುಂದಕ್ಕೆ ತಳ್ಳಿದಳು. "ತಗೊಂಡು ಹೋಗು. ಮಗುವಿಗೆ ಕಟ್ಟಿದ್ದು."

"ಅಜ್ಜಿ, ನೀವಾದ್ರೂ..."

"ಇವರನ್ನೆಲ್ಲ ಬಿಟ್ಟು ನಾನೊಬ್ಳು ಕಾರಲ್ಲಿ ಕೂತು ಬರಲಾ? ಹೋಗಮ್ಮ."

ಭಾನುವಾರ ಕತ್ತಲಿರುವಾಗಲೇ ಕಾರು ಬಂದು ನಿಂತಿತು. ಸಾಲಿನಲ್ಲಿ ಯಾರ ಮನೆಯ ಮದುವೆ ಹೊರಟರೂ ಎಲ್ಲ ಬಾಗಿಲೂ ತೆರೆದು, ಹೆಂಗಸರು ಸೋಬಾನೆ ಹೇಳಿ, ಯಾರಾದರೊಬ್ಬರು ಕಾರಿನ ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದರು. ಅವತ್ತು ಒಂದು ಬಾಗಿಲೂ ತೆರೆಯಲಿಲ್ಲ. ಎದ್ದಿದ್ದರು, ಕಿಟಕಿಗಳಲ್ಲಿ ಬೆಳಕಿತ್ತು, ಅಂಜಲೈ ಮನೆಯ ಒಲೆಯ ಹೊಗೆ ಮಂಜಿನ ಜೊತೆ ಸೇರಿ ರಸ್ತೆಗೆ ಇಳಿಯುತ್ತಿತ್ತು. ನಿಂಬೆಹಣ್ಣನ್ನು ಚೌಡಪ್ಪನೇ ಬಗ್ಗಿ ಇಟ್ಟ.

"ಯಾರೂ ಎದ್ದಿಲ್ವೇನಮ್ಮ?" ಎಂದು ಕೇಳಿದಳು ರಕ್ಷಾ.

"ಚಳಿ ಅಲ್ವಾ" ಎಂದಳು ದುರ್ಗಮ್ಮ. "ಮಲಗಿದ್ದಾರೆ."

ಮದುವೆ ರಕ್ಷಾ ಅಂದುಕೊಂಡ ಹಾಗೆಯೇ ಆಯಿತು. ಹೊಳೆ ಕಾಣುತ್ತಿರಲಿಲ್ಲ, ಹರಿಯುವ ಸದ್ದು ಮಾತ್ರ ಇತ್ತು. ದೀಪಗಳು ಮಂಜಿನಲ್ಲಿ ಹಳದಿ ಹತ್ತಿಯ ಉಂಡೆಗಳ ಹಾಗೆ ತೇಲುತ್ತಿದ್ದವು. ಒಂದೇ ಒಂದು ನಾಗಸ್ವರ ಮೆತ್ತಗೆ ನುಡಿಯುತ್ತಿತ್ತು. ಶರಾವತಿ ಮುಂದಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದಳು. ಮೊದಲು ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದವಳು ಧಾರೆಯ ಹೊತ್ತಿಗೆ ಸಡಿಲಿಸಿದಳು. ಅಭಯ ತಾಳಿ ಕಟ್ಟುವಾಗ ಎದ್ದು ನಿಂತು ಅಕ್ಷತೆ ಹಾಕಿದಳು. ಅಭಯ ಅಮ್ಮನ ಕಡೆ ನೋಡಿ ಚಿಕ್ಕ ಹುಡುಗನ ಹಾಗೆ ನಕ್ಕ.

ಧಾರೆಯ ನೀರನ್ನು ದುರ್ಗಮ್ಮ ಎರೆದಳು. ಒಂದು ಸಲ ಮಾತ್ರ ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಮಂಜಿತ್ತು.

ಊಟವಾದ ಮೇಲೆ ಶರಾವತಿ ಬಂದು ಪಕ್ಕದಲ್ಲಿ ಕೂತಳು. "ನಿಮ್ಮ ಸಾಲಿನವರು ಬೇಜಾರು ಮಾಡ್ಕೊಂಡ್ರಾ?"

"ಇಲ್ಲಮ್ಮ. ಅವರು ಅರ್ಥ ಮಾಡ್ಕೊಳ್ತಾರೆ."

"ಪುಣ್ಯವಂತ್ರು ನೀವು, ಅಂಥವ್ರು ಸಿಕ್ಕಿದ್ದಾರೆ" ಎಂದು ಶರಾವತಿ ಅವಳ ಭುಜ ಮುಟ್ಟಿ ಎದ್ದು ಹೋದಳು.

ಬಿಸಿಲು ಏರಿತು. ಹೆಣ್ಣು ಗಂಡು ಸವಳಂಗ ರಸ್ತೆಯ ಮನೆ ತುಂಬಲು ಹೊರಟುಹೋದರು. ಅಲಂಕಾರದ ಹುಡುಗರು ಶಾಲು ಮಡಿಚಿ, ಕುರ್ಚಿಗಳನ್ನು ಲಾರಿಗೆ ಹಾಕತೊಡಗಿದರು. ಚೌಡಪ್ಪ ಚಪ್ಪಲಿ ಮೆಟ್ಟಿಕೊಂಡು ಬಂದು, "ಏಳೇ, ಕಾರಿನವನು ಕಾಯ್ತಿದ್ದಾನೆ, ಮನೆಗೆ ಹೋಗೋಣ" ಎಂದ.

"ಇನ್ನೊಂದು ಸ್ವಲ್ಪ ಹೊತ್ತು ಕೂರೋಣ" ಎಂದಳು ದುರ್ಗಮ್ಮ.

ಅವಳು ಕೂತಿದ್ದ ಕುರ್ಚಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕುರ್ಚಿಗಳೂ ಲಾರಿ ಸೇರಿದವು. ಹುಡುಗರು ಸ್ವಲ್ಪ ದೂರದಲ್ಲಿ ಅವಳು ಏಳಲಿ ಎಂದು ಕಾಯುತ್ತ ನಿಂತರು.