ರಿಪೋರ್ಟಿನಲ್ಲಿ ಏನೂ ಇಲ್ಲ

ಎದೆ ಹಿಡಿದುಕೊಂಡರೆ ಗ್ಯಾಸ್. ಬೆನ್ನು ಬೆವರಿದರೆ ಗ್ಯಾಸ್. ನಿದ್ದೆ ಬಾರದಿದ್ದರೂ ಗ್ಯಾಸ್. ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಇದೊಂದೇ ಹೆಸರು, ಒಂದೇ ಮಾತ್ರೆ. ನಿಮ್ಮ ಮನೆಯಲ್ಲೂ ಹೀಗೇ ನಡೆದಿದ್ದರೆ ಈ ಕಥೆಯನ್ನು ಪೂರ್ತಿ ಓದಿ. ಹೇಳುತ್ತಿರುವವಳು ದೊಡ್ಡ ಓದು ಓದಿದವಳಲ್ಲ. ಕಿಟಕಿ ಪಕ್ಕ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಮಗಳು ಅಳಿಯಂದಿರ ಜೊತೆ ಇದ್ದೇನೆ. ಬಾಯಿ ಸ್ವಲ್ಪ ಜೋರು.

ನಮ್ಮ ಅಳಿಯಂದಿರು ಕಾರು ಓಡಿಸಲು ಕಲಿಸುವ ಮೇಷ್ಟ್ರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟು ಅವರದು. ಆ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕಂಗಾಲಾದರೆ ಮೇಷ್ಟ್ರು ಅದನ್ನು ಒತ್ತುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಅವರು ಯಾರನ್ನೂ ಗದರಿದವರಲ್ಲ. ತಪ್ಪಾದರೆ ಬ್ರೇಕ್ ಒತ್ತುವುದು, ‘ಪರವಾಗಿಲ್ಲ, ಮತ್ತೆ ಸ್ಟಾರ್ಟ್ ಮಾಡಿ’ ಅನ್ನುವುದು. ಹಾಗಾಗಿ ಕಲಿಯಲು ಬಂದವರೆಲ್ಲ ಅವರಿಗೆ ‘ಬ್ರೇಕ್ ಮೇಷ್ಟ್ರು’ ಎಂದೇ ಹೆಸರಿಟ್ಟಿದ್ದರು.

ಒಂದು ಬೆಳಿಗ್ಗೆ ಹೊಳೆಯ ಮೇಲಿನ ದೊಡ್ಡ ಸೇತುವೆಯ ನಟ್ಟನಡುವೆ ಅವರು ಬ್ರೇಕ್ ಒತ್ತಿದರು. ಎದುರಿಗೆ ಗಾಡಿಯಿಲ್ಲ, ನಾಯಿಯಿಲ್ಲ, ನರಪಿಳ್ಳೆಯಿಲ್ಲ. ಕಲಿಯುತ್ತಿದ್ದವರ ತಪ್ಪೂ ಇರಲಿಲ್ಲ. ಇವರ ಎದೆ ಡವಡವ ಹೊಡೆದುಕೊಂಡಿತಂತೆ, ಕೈ ಜೋಮು ಹಿಡಿಯಿತಂತೆ, ಉಸಿರು ಗಂಟಲಲ್ಲೇ ನಿಂತಿತಂತೆ. ಇನ್ನೇನು ಸತ್ತೇ ಹೋದೆ ಅನ್ನಿಸಿತಂತೆ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿ ಮಾಡಿದರು, ರಕ್ತ ತೆಗೆದರು. ಸಂಜೆ ಡಾಕ್ಟರು ಬಂದು, ರಿಪೋರ್ಟಿನಲ್ಲಿ ಏನೂ ಇಲ್ಲ, ಹೃದಯ ಚೆನ್ನಾಗಿದೆ ಅಂದರು. ಅವರು ಇನ್ನೂ ಏನೋ ಹೇಳುತ್ತಿದ್ದರು. ನಾನು ಕೈ ಮುಗಿದು, ಚೀಲ ಎತ್ತಿಕೊಂಡು ಹೊರಟೇಬಿಟ್ಟೆ.

ಆದರೆ ಆ ಏನೂ ಇಲ್ಲದ್ದು ಮತ್ತೆ ಬಂತು. ಸಿಗ್ನಲ್‌ನಲ್ಲಿ ಬಂತು, ಮಾರ್ಕೆಟ್ಟಿನಲ್ಲಿ ಬಂತು, ಕೊನೆಗೆ ಮನೆಯಲ್ಲಿ ಶೂ ಹಾಕಿಕೊಳ್ಳುವಾಗಲೂ ಬಂತು. ಅಳಿಯಂದಿರು ಮೊದಲು ಸೇತುವೆ ಬಿಟ್ಟರು, ಆಮೇಲೆ ಮೇನ್ ರೋಡ್ ಬಿಟ್ಟರು, ಆಮೇಲೆ ಕಾರನ್ನೇ ಬಿಟ್ಟರು. ನಾಲ್ಕನೇ ತಿಂಗಳಿಗೆ ಗೇಟು ದಾಟುವುದೂ ನಿಂತಿತು. ಏನಾಯ್ತು ಎಂದು ಕೇಳಿದರೆ, ‘ಏನಿಲ್ಲ ಅತ್ತೆ’ ಅನ್ನುವರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹೇಳಿಕೊಟ್ಟವಳು ನಾನೇ. ಆ ಬಂಗಾರ ಮನೆ ತುಂಬ ಆಯಿತು, ಮಗಳು ಅದರ ನಡುವೆ ಕೂತು ಅತ್ತಳು.

ಸ್ಕೂಲಿನ ಮಾಲೀಕರು ಒಳ್ಳೆಯವರೇ. ಈ ತಿಂಗಳ ಕೊನೆಯವರೆಗೆ ಸೀಟು ಖಾಲಿ ಇಡುತ್ತೇನೆ, ಆಮೇಲೆ ಬೇರೆ ಮೇಷ್ಟ್ರನ್ನು ಕರೆಯಲೇಬೇಕು ಎಂದು ಹೇಳಿ ಕಳಿಸಿದರು. ಅಳಿಯಂದಿರಿಗೆ ಬೇರೆ ಕೆಲಸ ಬಾರದು. ಅದಕ್ಕಿಂತ ಹೆಚ್ಚಾಗಿ, ಆ ಸೀಟು ಹೋದರೆ ಈ ಮನುಷ್ಯ ಮತ್ತೆಂದೂ ಗೇಟು ದಾಟುವುದಿಲ್ಲ ಎಂದು ನನಗೆ ಭಯವಾಗಿತ್ತು. ಭಯವಾದಾಗ ನಾನು ಬೈಯುತ್ತೇನೆ. ಸುಮ್ಮನೆ ಕೂತರೆ ಇಲ್ಲದ್ದೆಲ್ಲ ತಲೆಗೆ ಬರುತ್ತದೆ, ಗಂಡಸಾದವರು ಗಟ್ಟಿಯಾಗಿರಬೇಕು ಎಂದೆಲ್ಲ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಇವತ್ತಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಮೂಲೆಯ ಮೆಡಿಕಲ್ ಶಾಪಿಗೆ ಮತ್ತೆ ಗ್ಯಾಸ್ ಮಾತ್ರೆಗೆ ಹೋದೆ. ಅಂಗಡಿ ನಡೆಸುವಾಕೆ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಕೊಡಲಿಲ್ಲ.

“ಅಮ್ಮ, ಈ ತಿಂಗಳು ಇದು ಆರನೇ ಪಟ್ಟಿ. ಯಾರಿಗೆ?”

ನಾನು ನಡೆದದ್ದೆಲ್ಲ ಹೇಳಿದೆ. ಡಾಕ್ಟರೇ ಏನೂ ಇಲ್ಲ ಅಂದಿದ್ದಾರೆ ಎಂದೂ ಸೇರಿಸಿದೆ.

“ಹೃದಯದಲ್ಲಿ ಏನೂ ಇಲ್ಲ ಅಂದ್ರು,” ಅಂದಳು ಆಕೆ. “ಮೇಷ್ಟ್ರಿಗೆ ಏನೂ ಇಲ್ಲ ಅಂದ್ರಾ?”

ಉತ್ತರ ಹೊಳೆಯದಿದ್ದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಅಳಿಯಂದಿರಿಗೆ ತಲೆ ಕೆಟ್ಟಿಲ್ಲ ಎಂದು ಜೋರಾಗಿಯೇ ಹೇಳಿದೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಮಂಡಿ ನೋವಿಗೆ ಡಾಕ್ಟರ ಹತ್ತಿರ ಹೋದಾಗ ನಿಮಗೆ ಮಂಡಿ ಕೆಟ್ಟಿದೆಯಾ ಎಂದು ಯಾರಾದರೂ ಆಡಿಕೊಂಡರಾ ಎಂದು ಕೇಳಿದಳು. ಮನಸ್ಸಿಗೂ ನೋವು ಬರುತ್ತದೆ, ಅದು ಎದೆಯಲ್ಲಿ, ಉಸಿರಿನಲ್ಲಿ, ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ, ನಾವು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತೇವೆ ಅಂದಳು. ಆಮೇಲೆ ಸ್ವರ ತಗ್ಗಿಸಿ, ಗಂಡ ತೀರಿಕೊಂಡ ಮೇಲೆ ತಾನೂ ಎರಡು ವರ್ಷ, ಇಂಥ ನೋವಿನವರು ಸೇರಿ ಮಾತಾಡುವ ಒಂದು ಗುಂಪಿಗೆ ಹೋಗುತ್ತಿದ್ದೆ ಅಂದಳು. ಇಷ್ಟು ಲಕ್ಷಣವಾಗಿ ಅಂಗಡಿ ನಡೆಸುವ ಹೆಂಗಸು. ನಾನು ಆಕೆಯನ್ನು ಮೊದಲ ಸಲ ನೋಡಿದ ಹಾಗೆ ನೋಡಿದೆ.

ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. ದೂರದ ದೊಡ್ಡ ಆಸ್ಪತ್ರೆ ಇರಬೇಕು ಎಂದುಕೊಂಡಿದ್ದೆ. ಆಕೆ ಕೈ ತೋರಿಸಿದ್ದು ನಮ್ಮ ಹಿಂದಿನ ಬೀದಿಯ ಆರೋಗ್ಯ ಕೇಂದ್ರದ ಕಡೆಗೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ಅಳಿಯಂದಿರನ್ನು ಒಪ್ಪಿಸಲು ಮೂರು ದಿನ ಹಿಡಿಯಿತು. ಮಗಳಿಗೆ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ಆದ್ದರಿಂದ ಜೊತೆಗೆ ಹೊರಟವಳು ನಾನು. ಇನ್ನೂರು ಹೆಜ್ಜೆಯ ದಾರಿಗೆ ಅರ್ಧ ಗಂಟೆ ಆಯಿತು. ಅಲ್ಲಿನ ಕೌನ್ಸೆಲರ್ ಚಿಕ್ಕ ವಯಸ್ಸಿನ ಹುಡುಗಿ. ಅವಳು ಏನೂ ಬೋಧಿಸಲಿಲ್ಲ, ಕೇಳಿಸಿಕೊಂಡಳು. ಅಷ್ಟೊಂದು ಹೊತ್ತು ಯಾರಾದರೂ ಯಾರದಾದರೂ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದ್ದನ್ನು ನಾನು ನೋಡಿಯೇ ಇರಲಿಲ್ಲ. ಕೊನೆಗೆ ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ, ಭಯ ದಿಢೀರನೆ ಮೈಯನ್ನೆಲ್ಲ ಹಿಡಿಯುತ್ತದೆ, ಸಾಯುತ್ತೇನೆ ಅನ್ನಿಸುತ್ತದೆ, ಆದರೆ ಅದು ಏರಿದ ಹಾಗೇ ಇಳಿಯುತ್ತದೆ ಅಂದಳು. ಬಹಳ ಜನಕ್ಕೆ ಬರುತ್ತದೆ, ಬಹಳ ಜನಕ್ಕೆ ವಾಸಿಯಾಗುತ್ತದೆ ಅಂದಳು. ಹೆಸರು ಸಿಕ್ಕಿದ ಕೂಡಲೇ ಅಳಿಯಂದಿರ ಬಿಗಿದ ಭುಜ ಸಡಿಲವಾದದ್ದು ನನಗೆ ಕಾಣಿಸಿತು.

ವಾರಕ್ಕೊಮ್ಮೆ ಅವಳ ಹತ್ತಿರ ಮಾತಿನ ಚಿಕಿತ್ಸೆ. ಮಾತ್ರೆ ಬೇಕೋ ಬೇಡವೋ ನೋಡಲು ತಿಂಗಳಿಗೊಮ್ಮೆ ಮನೋವೈದ್ಯರು. ಇದರ ಜೊತೆಗೆ, ಇಂಥದ್ದೇ ತೊಂದರೆ ಇರುವವರು ಸೇರುವ ಗುಂಪುಗಳೂ ಊರಿನಲ್ಲಿವೆ ಎಂದು ಒಂದು ಚೀಟಿ ಕೊಟ್ಟಳು. ನಾನು ಬಿಡಲಿಲ್ಲ, ನನಗಿದ್ದ ಅನುಮಾನವನ್ನೆಲ್ಲ ಕೇಳಿದೆ. ಅಲ್ಲಿ ಆಡಿದ ಮಾತು ಬೀದಿಗೆ ಬರುತ್ತದಾ? ನಡೆಸುವವರು ತರಬೇತಿ ಆದವರಾ? ದುಡ್ಡು ಕೇಳುತ್ತಾರಾ? ಮಾತಾಡಲೇಬೇಕಾ? ಇದನ್ನೇ ಎಲ್ಲರೂ ಕೇಳಬೇಕು, ಗುಂಪಿಗೆ ಸೇರುವ ಮೊದಲೇ ಕೇಳಬೇಕು ಅಂದಳು ಅವಳು. ಮಾತು ಅಲ್ಲಿಂದ ಹೊರಗೆ ಹೋಗುವಂತಿಲ್ಲ, ತರಬೇತಿ ಆದವರೊಬ್ಬರು ಇರುತ್ತಾರೆ, ಶುಲ್ಕ ಇಲ್ಲ, ಸುಮ್ಮನೆ ಕೂತರೂ ಆಯಿತು.

ಮೊದಲು ಹೋದ ಗುಂಪು ಕುಡಿತದವರ ಮನೆಯವರದು. ಅವರು ಪ್ರೀತಿಯಿಂದಲೇ, ಇದು ನಿಮ್ಮದಲ್ಲ ಎಂದು ಹೇಳಿ ಕಳಿಸಿದರು. ಎರಡನೆಯದು ಲೈಬ್ರರಿಯ ಮಹಡಿಯಲ್ಲಿ. ಅಳಿಯಂದಿರು ಒಬ್ಬರೇ ಒಳಗೆ ಹೋದರು, ನಾನು ಕೆಳಗೆ ಕಾದೆ. ಒಂದು ಗಂಟೆಯ ಮೇಲೆ ಇಳಿದು ಬಂದವರ ಕೈಯಲ್ಲಿ ಒಂದು ಕರಪತ್ರ. ಪಾದಗಳನ್ನು ದಿನಾ ತೊಳೆದು ಬೆರಳ ಸಂದಿಯನ್ನು ಒರೆಸಬೇಕು ಎಂದು ಬರೆದಿತ್ತು. ಪಕ್ಕದ ಕೋಣೆಗೆ ಹೋಗುವ ಬದಲು ಸಕ್ಕರೆ ಕಾಯಿಲೆಯವರ ಸಭೆಯಲ್ಲಿ ಕೂತು ಬಂದಿದ್ದರು. ನಡುವೆ ಎದ್ದರೆ ಅವರಿಗೆ ಬೇಸರವಾದೀತು ಎಂದು ಪೂರ್ತಿ ಕೇಳಿದರಂತೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರು ನಕ್ಕರು. ನಾನೂ ನಕ್ಕೆ, ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡೆ.

ಮುಂದಿನ ವಾರ ಸರಿಯಾದ ಬಾಗಿಲು ತೆರೆದರು. ಆಮೇಲೆ ಬಿಡದೆ ಹೋದರು. ಸ್ಕೂಲಿನ ಮಾಲೀಕರಿಗೂ ತಾವೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮಾಲೀಕರು, ಎರಡು ತಿಂಗಳು ಆಫೀಸಿನಲ್ಲೇ ಕೂತು ರಸ್ತೆ ಚಿಹ್ನೆಗಳ ಪಾಠ ಮಾಡಿ, ಆಮೇಲೆ ಕಾರಿನ ಸೀಟಿನ ವಿಷಯ ನೋಡೋಣ ಅಂದರು.

ತಿಂಗಳಿಗೊಮ್ಮೆ ಗುಂಪಿನಲ್ಲಿ ಮನೆಯವರೂ ಕೂರಬಹುದು. ಮಗಳಿಗೆ ಪಾಳಿ ತಪ್ಪಲಿಲ್ಲ, ನಾನೇ ಹೋದೆ. ಹನ್ನೆರಡು ಕುರ್ಚಿ, ಒಂದು ಟ್ಯೂಬ್‌ಲೈಟು, ನೀರಿನ ಜಗ್ಗು. ಇಷ್ಟಕ್ಕೆ ಇಷ್ಟೊಂದು ದಿನ ಹೆದರಿದೆನಾ ಅನ್ನಿಸಿತು. ಆಮೇಲೆ ಎದುರು ಕೂತವರನ್ನು ನೋಡಿ ದಂಗಾದೆ. ಮನೆ ಸಾಮಾನು ಸಾಗಿಸುವ ಆ ಆಜಾನುಬಾಹು. ನಾವು ಈ ಮನೆಗೆ ಬಂದಾಗ ನಮ್ಮ ಕಬ್ಬಿಣದ ಬೀರುವನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮೂರು ಮಹಡಿ ಹತ್ತಿದ್ದ ಮನುಷ್ಯ. ಬೀದಿಯವರೆಲ್ಲ ನಿಂತು ನೋಡಿದ್ದರು. ಮಕ್ಕಳಿದ್ದರೆ ಹೀಗಿರಬೇಕು ಎಂದು ನಾನೇ ಹೊಗಳಿದ್ದೆ.

ಅವರ ಸರದಿ ಬಂತು. ಆ ದೊಡ್ಡ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಹೇಳಿದರು.

“ಲಿಫ್ಟ್ ಇತ್ತು. ನನಗೆ ಅದರೊಳಗೆ ಹೋಗೋಕೆ ಆಗಲ್ಲ, ಬಾಗಿಲು ಮುಚ್ಚಿದ್ರೆ ಉಸಿರು ನಿಲ್ಲುತ್ತೆ. ಅದಕ್ಕೇ ಹೊತ್ಕೊಂಡು ಹತ್ತುತಿದ್ದೆ. ಹದಿನೈದು ವರ್ಷ ಜನ ಅದನ್ನ ಶಕ್ತಿ ಅಂದುಕೊಂಡ್ರು. ನಾನೂ ಹೌದು ಅಂದೆ.”

ಯಾರೂ ನಗಲಿಲ್ಲ, ಯಾರೂ ಬುದ್ಧಿ ಹೇಳಲಿಲ್ಲ. ಒಬ್ಬರು ನೀರು ಬಗ್ಗಿಸಿ ಕೊಟ್ಟರು. ಈಗ ಮೊದಲ ಮಹಡಿಯವರೆಗೆ ಲಿಫ್ಟಿನಲ್ಲಿ ಹೋಗುತ್ತೇನೆ ಅಂದಾಗ ಎಲ್ಲರ ಮುಖವೂ ಅರಳಿತು. ನನಗೆ ಬೀರು ಹೊತ್ತದ್ದನ್ನು ನೋಡಿ ಆಗಿದ್ದಕ್ಕಿಂತ ನೂರು ಪಾಲು ಬೆರಗಾಯಿತು. (ಗುಂಪಿನ ಮಾತನ್ನು ಹೊರಗೆ ಆಡುತ್ತಿದ್ದಾಳೆ ಅನ್ನಬೇಡಿ. ಅವರನ್ನು ಕೇಳಿಯೇ ಬರೆಸಿದ್ದೇನೆ. ‘ಬರೆಸಿ ಅಮ್ಮ, ಇನ್ನೂ ಎಷ್ಟು ಜನ ಮೆಟ್ಟಿಲು ಹತ್ತುತಾ ಇದ್ದಾರೋ’ ಅಂದರು.)

ಆಮೇಲೆ ಅಳಿಯಂದಿರು ಬಾಯಿ ತೆರೆದರು.

“ಬೇರೆಯವರನ್ನ ಉಳಿಸೋಕೆ ಅಂತ ಇಪ್ಪತ್ತೆರಡು ವರ್ಷ ಬ್ರೇಕ್ ಒತ್ತಿದೆ. ಆವತ್ತು ಎದುರಿಗೆ ಏನೂ ಇರಲಿಲ್ಲ. ನನ್ನೊಳಗೇ ಏನೋ ಅಡ್ಡ ಬಂತು. ಮನೇಲಿ ಹೇಳಿದ್ರೆ ಹೆದರ್ತಾರೆ ಅಂತ ಹೇಳಲಿಲ್ಲ. ಅತ್ತೆಗೆ ನಾನು ಅಂದ್ರೆ ಧೈರ್ಯ.”

ಆರು ವರ್ಷ ಒಂದೇ ಸೂರಿನ ಕೆಳಗಿದ್ದೇವೆ. ಇಷ್ಟು ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ, ಆಡಲು ಜಾಗವನ್ನೂ ಕೊಟ್ಟಿರಲಿಲ್ಲ. ಗಟ್ಟಿಯಾಗಿರಿ ಅಂದದ್ದು ತಪ್ಪಾಯಿತು ಎಂದು ಅಷ್ಟು ಜನರ ಮುಂದೆಯೇ ಹೇಳಿದೆ. ನನಗೆ ಅಳು ಬಂತು, ಅತ್ತುಬಿಟ್ಟೆ. ಅಲ್ಲಿ ಅದಕ್ಕೂ ಅವಕಾಶವಿದೆ.

ಒಂದೇ ಸಲಕ್ಕೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ವಾರ ಚೆನ್ನಾಗಿದ್ದರೆ ಇನ್ನೊಂದು ವಾರ ಮತ್ತೆ ಹಾಸಿಗೆ. ಕೌನ್ಸೆಲರ್ ಹೇಳಿದಂತೆ ಮೊದಲು ನಿಂತ ಕಾರಿನಲ್ಲಿ ಕೂತರು, ಆಮೇಲೆ ಬೀದಿ ಸುತ್ತಿದರು, ಆಮೇಲೆ ಮೇನ್ ರೋಡ್. ಎರಡು ತಿಂಗಳು ಮುಗಿಯುವ ದಿನ ಸೇತುವೆಯ ಪಾಠ. ನನಗೆ ಆಚೆ ದಡದಲ್ಲಿ ಕನ್ನಡಕ ತರುವುದಿತ್ತು, ಮಾಲೀಕರ ಒಪ್ಪಿಗೆ ಪಡೆದು ಹಿಂದಿನ ಸೀಟಿನಲ್ಲಿ ಕೂತೆ. ಕಲಿಯುತ್ತಿದ್ದವಳು ಒಬ್ಬ ಟೀಚರ್.

ಸೇತುವೆ ಶುರುವಾಗುವ ಮುಂಚೆ ಅಳಿಯಂದಿರ ಕತ್ತಿನ ಹಿಂದೆ ಬೆವರಿಳಿಯುವುದು ಕಾಣಿಸಿತು. ಅವರು ಎಂದಿನ ಸ್ವರದಲ್ಲಿಯೇ, ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿ ಅಂದರು. ಕಾರು ನಿಂತಿತು.

“ನನಗೀಗ ಭಯ ಬರ್ತಾ ಇದೆ ಟೀಚರ್. ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಅಲ್ಲೀವರೆಗೆ ಕಾಯೋಣ.”

ಅಷ್ಟೇ. ಅಪರಿಚಿತರ ಮುಂದೆ, ನೀರು ಕೇಳಿದಷ್ಟು ಸಲೀಸಾಗಿ ಹೇಳಿದರು. ಟೀಚರ್ ಸ್ಟೀರಿಂಗ್ ಬಿಟ್ಟು, ತನ್ನ ಕಾಲೂ ದಿನಾ ನಡುಗುತ್ತದೆ, ನಿಮಗೆ ಗೊತ್ತಾಗದಿರಲಿ ಎಂದು ಒತ್ತಿ ಹಿಡಿದಿರುತ್ತೇನೆ ಅಂದಳು. ಮೂವರೂ ಕಾದೆವು. ಅಳಿಯಂದಿರು ನಿಧಾನವಾಗಿ ಉಸಿರು ಎಳೆದುಕೊಂಡರು, ಬಿಟ್ಟರು. ಹತ್ತು ನಿಮಿಷವೂ ಆಗಿರಲಿಲ್ಲ, ಬೆವರು ಆರಿತು. ಹೊರಡೋಣ ಅಂದರು. ಕಾರು ಸೇತುವೆ ಹತ್ತಿತು. ನಲವತ್ತು ವರ್ಷದಿಂದ ಆ ಹೊಳೆಯನ್ನು ದಾಟುತ್ತಿದ್ದೇನೆ. ಅದು ಅಷ್ಟು ಅಗಲವಿದೆ, ಅಷ್ಟು ಬೆಳಕಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸೀಟು ಅಳಿಯಂದಿರದೇ ಆಗಿ ಉಳಿಯಿತು.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರಾದರೂ ಒಂದೊಂದೇ ದಾರಿಯನ್ನು ಬಿಡುತ್ತಾ ಬಂದಿದ್ದಾರಾ? ಬೈಯಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಆಸ್ಪತ್ರೆಯಲ್ಲೋ ಮನಸ್ಸಿನ ಆರೋಗ್ಯ ನೋಡುವವರು ಯಾರು, ಗುಂಪು ಎಲ್ಲಿ ಸೇರುತ್ತದೆ ಎಂದು ಕೇಳಿ. ಎದೆ ನೋವು ಬಂದರೆ ಮೊದಲು ಡಾಕ್ಟರಿಗೇ ತೋರಿಸಿ, ಅವರ ಮಾತು ಮುಗಿಯುವವರೆಗೆ ನಿಲ್ಲಿ. ಮೊದಲ ಗುಂಪು ಒಗ್ಗದಿದ್ದರೆ ಇನ್ನೊಂದನ್ನು ನೋಡಿ. ಗುಂಪು ಸಿಕ್ಕಿತೆಂದು ಚಿಕಿತ್ಸೆ ಬಿಡಬೇಡಿ. ಬದುಕುವುದೇ ಬೇಡ ಎಂದು ಯಾರಾದರೂ ಅಂದರೆ ಗುಂಪಿನ ದಿನಕ್ಕೆ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ವಿಳಾಸ ಕೇಳಲು ಅವರಿಗೆ ಬಾಯಿ ಬಾರದಿದ್ದರೆ ನೀವು ಕೇಳಿ. ಮೊದಲ ದಿನ ಬಾಗಿಲವರೆಗಾದರೂ ಜೊತೆಗೆ ಹೋಗಿ. ನಾನು ನಾಲ್ಕು ತಿಂಗಳು ತಡ ಮಾಡಿದೆ. ನೀವು ಇವತ್ತೇ ಹೊರಡಿ.